ಹದಿನೇಳನೇ ನಂಬರಿನ ಮಸಿ

ನೆಲಮಾಳಿಗೆಯಿಂದ ಮೇಲೆ ಹೋಗುವ ಮೆಟ್ಟಿಲು ತಿರುಗುವ ಕಡೆ ಒಂದು ಪುಟ್ಟ ಕಿಟಕಿ. ಅಲ್ಲಿಗೆ ಬಂದ ರೋಸೆಲ್ಲಾ ಮುಂದಿನ ಮೆಟ್ಟಿಲಿಗೆಂದು ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು.

ಅವಳ ಅಂಗೈ ಮೇಲೆ ಹದಿನೇಳನೇ ನಂಬರಿನ ಎಂಜಿನ್ ಇತ್ತು. ಅಂಗೈಗಿಂತ ಒಂಚೂರು ಉದ್ದದ ಪುಟಾಣಿ ಉಗಿ ಎಂಜಿನ್. ಈಗ ತಾನೇ ಕೆಳಗೆ, ಪುಟಾಣಿ ರೈಲು ಓಡಿಸುವವರ ಕ್ಲಬ್ಬಿನ ದೀಪದಡಿಯಲ್ಲಿ, ಅದರ ಬಾಯ್ಲರಿಗೆ ಹತ್ತಿದ ಮಸಿ ಹಳೇ ಒಲೆಯ ಹಿಂದಿನ ಗೋಡೆಯಂತೆ ಕಂದುಗಪ್ಪಾಗಿ ಕಂಡಿತ್ತು. ಹಗಲಿನ ಬೆಳಕು ಬಿದ್ದದ್ದೇ ತಡ, ಅದು ನೇರಳೆಗೆ ತಿರುಗಿಬಿಟ್ಟಿತ್ತು. ಥೇಟ್ ಬದನೆಕಾಯಿ ಸಿಪ್ಪೆ.

ಕೆಳಗಿಳಿದು ದೀಪದ ಬೆಳಕಿಗೆ ಹಿಡಿದಳು. ಕಂದುಗಪ್ಪು. ಮತ್ತೆ ಹತ್ತಿ ಕಿಟಕಿಗೆ ಹಿಡಿದಳು. ಬದನೆಕಾಯಿ.

"ಇದೇನಪ್ಪಾ ನಿನ್ನ ಆಟ," ಎಂದಳು ಎಂಜಿನ್ನಿಗೆ.

ಕ್ಲಬ್ಬಿನ ಕಪಾಟಿನಿಂದ ಕಾಣೆಯಾಗಿದ್ದ ಈ ಎಂಜಿನ್ ನೋರ್ಬರ್ಟ್‌ನ ಸಲಕರಣೆ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಅವನ ಹೆಸರನ್ನು ಕ್ಲಬ್ಬಿನಿಂದ ಹೊಡೆದುಹಾಕಲು ನಾಳೆ ಸಂಜೆ ಎಲ್ಲರೂ ಕೈ ಎತ್ತುವವರಿದ್ದರು. ಉಕ್ಕಿನ ಕಾರ್ಖಾನೆ ಮುಚ್ಚಿ, ಹೆಂಡತಿಯನ್ನೂ ಮಣ್ಣು ಮಾಡಿದ ಮೇಲೆ ನೋರ್ಬರ್ಟ್‌ಗೆ ಮನೆ ಅಂತ ಇದ್ದದ್ದು ಈ ಚರ್ಚಿನ ನೆಲಮಾಳಿಗೆಯೊಂದೇ. ಅದೂ ಹೋದರೆ ಅವನು ಹೋಗುವುದಾದರೂ ಎಲ್ಲಿಗೆ? "ಅವನು ಕಳ್ಳನಲ್ಲ ಕಣೇ, ಹೇಗಾದ್ರೂ ಮಾಡಿ ಉಳಿಸು," ಎಂದು ಎಂಜಿನ್ ಮಾಡಿದ ಕ್ಲೆಮೆಂಟ್‌ನ ಹೆಂಡತಿ ಇಲೋನಾಳೇ ರೋಸೆಲ್ಲಾಳ ಎರಡೂ ಕೈ ಹಿಡಿದು ಬೇಡಿಕೊಂಡಿದ್ದಳು. ಗಂಡ ಸತ್ತು ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ, ಅಂಥ ಹೆಂಗಸಿನ ಮಾತನ್ನು ತೆಗೆದುಹಾಕುವುದು ಹೇಗೆ?

ರೋಸೆಲ್ಲಾ ಪೊಲೀಸಿನವಳಲ್ಲ. ಊರಿನ ಹಲ್ಲಿನ ಡಾಕ್ಟರ ಹತ್ತಿರ ಕೂತು ಜೀವಮಾನವಿಡೀ ಜನರ ಹಲ್ಲಿನ ಕೊಳೆ ಕೆರೆದವಳು. ಬಾಯಿ ತೆಗೆದರೆ ಸಾಕು, ಇದು ಕಾಫಿ ಕಲೆ, ಇದು ತಂಬಾಕು, ಇದು ಹೆಂಡತಿಗೆ ಗೊತ್ತಿಲ್ಲದ ಹಾಗೆ ಸೇದುವ ಚುಟ್ಟಾ ಎಂದು ಹೇಳಬಲ್ಲಳು. ಕಲೆ ಸುಳ್ಳು ಹೇಳುವುದಿಲ್ಲ ಎನ್ನುವುದು ಅವಳ ನಂಬಿಕೆ. ಹೋದ ಬೇಸಿಗೆಯಲ್ಲಿ ಕ್ಲಬ್ಬಿನವರೆಲ್ಲ ನದೀತೀರದ ಪಾರ್ಕಿಗೆ ಊಟಕ್ಕೆ ಹೋಗಿದ್ದಾಗ ಕ್ಲೆಮೆಂಟ್ ಇದೇ ಎಂಜಿನ್ನನ್ನು ಮೇಜಿನ ಮೇಲೆ ಓಡಿಸಿದ್ದ. ಸುಡುಬಿಸಿಲು. ಅದರ ಚಿಮಣಿಯ ಸುತ್ತ ಮಸಿ ಕಂದಾಗಿತ್ತು, ಸೀಟಿಯ ಬುಡದಿಂದ ಸುಣ್ಣದ ನೀರು ಇಳಿದ ಬಿಳಿಗೆರೆ, ಹತ್ತುವ ಕಡೆ ಡ್ರೈವರನ ಕೈಗವಸು ಉಜ್ಜಿ ಉಜ್ಜಿ ಹೊಳಪಾದಂತಿದ್ದ ಹಿಡಿಕಂಬಿ. ಮುಟ್ಟಿದರೆ ಕೈಗೆ ಎಣ್ಣೆ ಹತ್ತೀತು ಅನ್ನಿಸುವಷ್ಟು ನಿಜ. ಅವತ್ತು ಅದರಲ್ಲಿ ನೇರಳೆಯ ಸುಳಿವೂ ಇರಲಿಲ್ಲ.

ಅಂದರೆ ಇದು ಆ ಎಂಜಿನ್ ಅಲ್ಲ.

ಅವಳು ಎಂಜಿನ್ನನ್ನು ಮೇಲಕ್ಕೆ ಒಯ್ಯುತ್ತಿದ್ದದ್ದೇ ನೋರ್ಬರ್ಟ್‌ಗೆ ತೋರಿಸಿ ಅವನ ಮುಖ ನೋಡುವುದಕ್ಕೆ. ಈಗ ಆ ಮುಖ ನೋಡುವ ಆಸೆ ಇನ್ನೂ ಜಾಸ್ತಿಯಾಯಿತು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ. ಮಾಂಸ ಇಲ್ಲ, ಹಾಗಾಗಿ ಊರಿಗೆ ಊರೇ ಚರ್ಚಿನ ಅಡುಗೆಮನೆಯ ಪಿರೋಗಿಗೆ ಕಾದು ಕೂರುವ ದಿನ. ಆಲೂಗಡ್ಡೆ, ಚೀಸು ತುಂಬಿದ ಅರ್ಧಚಂದ್ರದ ಕಡುಬುಗಳು ಕುದಿಯುವ ನೀರಿನಲ್ಲಿ ತೇಲುತ್ತಿದ್ದವು. ಬೆಣ್ಣೆಯಲ್ಲಿ ಬಾಡುತ್ತಿದ್ದ ಈರುಳ್ಳಿಯ ವಾಸನೆ ಕೋಟಿನ ಗುಂಡಿಗೂ ಅಂಟುವ ಹಾಗಿತ್ತು. ಹಿಟ್ಟು ಲಟ್ಟಿಸುತ್ತಿದ್ದ ಹೆಂಗಸರ ನಡುವೆ ಬಕೆಟ್ಟು ಮಗುಚಿ ಹಾಕಿಕೊಂಡು ಕೂತಿದ್ದ ನೋರ್ಬರ್ಟ್ ಆಲೂಗಡ್ಡೆ ಹೆರೆಯುತ್ತಿದ್ದ. ಆರಡಿ ಆಳು, ಸೊಂಟಕ್ಕೆ ಹೂವಿನ ಏಪ್ರನ್ನು.

"ನಿನ್ನ ಗಿರಾಕಿ ಇಲ್ಲೇ ಇದಾನೆ ನೋಡು," ಎಂದಳು ಒಬ್ಬಳು ಲಟ್ಟಣಿಗೆ ಎತ್ತದೆ. "ಕ್ಲಬ್ಬಿನೋರು ಬೇಡ ಅಂದ್ರೆ ನಾವೇ ಇಟ್ಕೋತೀವಿ. ಸಿಪ್ಪೆ ಎಷ್ಟು ತೆಳ್ಳಗೆ ತೆಗೀತಾನೆ ಗೊತ್ತಾ."

"ನಮ್ಮ ಮನೆಯವನಿಗೆ ಆಲೂಗಡ್ಡೆ ಕೊಟ್ರೆ ಗೋಲಿ ಉಳಿಯುತ್ತೆ ಅಷ್ಟೇ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ನೋರ್ಬರ್ಟ್ ಕೂಡ ಮೀಸೆಯಡಿ ನಕ್ಕ. ರೋಸೆಲ್ಲಾ ದೊಡ್ಡ ಕಿಟಕಿಯ ಪಕ್ಕದ ಮೇಜಿನ ಮೇಲೆ ಎಂಜಿನ್ ಇಟ್ಟಳು.

"ನೋಡು ನೋರ್ಬರ್ಟ್. ಇದೇ ಅಲ್ವಾ ನಿನ್ನ ಪೆಟ್ಟಿಗೇಲಿ ಸಿಕ್ಕಿದ್ದು?"

ನೋರ್ಬರ್ಟ್ ಎಂಜಿನ್ ನೋಡಲಿಲ್ಲ. ಕಿಟಕಿ ನೋಡಿದ. ಆಮೇಲೆ ಎದ್ದು ಬಂದು, ಬೆಳಕಿಗೂ ಎಂಜಿನ್ನಿಗೂ ಮಧ್ಯೆ ತನ್ನ ಅಗಲ ಬೆನ್ನನ್ನು ತಂದು ನಿಲ್ಲಿಸಿ, ಹೆಗಲ ಮೇಲಿದ್ದ ಅಡುಗೆ ಬಟ್ಟೆಯನ್ನು ಅದರ ಮೇಲೆ ಹೊದಿಸಿದ.

"ಬೆಣ್ಣೆ ಸಿಡಿಯುತ್ತೆ," ಎಂದ. "ಇಂಥಾ ಸಾಮಾನು ಅಡುಗೆಮನೇಗೆ ತರ್ತಾರಾ ಯಾರಾದ್ರೂ."

"ಒಲೆ ಆ ಮೂಲೇಲಿದೆ. ಬೆಣ್ಣೆ ಇಲ್ಲೀತನಕ ಹಾರಬೇಕಂದ್ರೆ ಅದಕ್ಕೆ ರೆಕ್ಕೆ ಬರಬೇಕು."

"ರೋಸೆಲ್ಲಾ," ಎಂದ ಅವನು ತಗ್ಗಿದ ದನಿಯಲ್ಲಿ, "ನೀನು ಒಳ್ಳೇವಳು. ಇದನ್ನ ಇಲ್ಲಿಗೇ ಬಿಡು. ನಾಳೆ ಕೈ ಎತ್ತೋರು ಎತ್ತಲಿ. ನಾನು ಇಲ್ಲಿ ಕೂತು ಆಲೂಗಡ್ಡೆ ಹೆರೀತೀನಿ. ಕೆಳಗೆ ರೈಲು ಓಡೋ ಸದ್ದು ಇಲ್ಲಿಗೂ ಕೇಳುತ್ತೆ."

"ಅಷ್ಟು ಸಾಕಾ ನಿನಗೆ?"

ಅವನು ಮತ್ತೆ ಬಕೆಟ್ಟಿನ ಮೇಲೆ ಕೂತ. ಈ ಸಲ ಅವನು ತೆಗೆದ ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು.

ಇವನಿಗೆ ಗೊತ್ತು, ಅಂದುಕೊಂಡಳು ರೋಸೆಲ್ಲಾ. ಹಗಲು ಬೆಳಕಿಗೆ ಹಿಡಿದರೆ ಏನು ಕಾಣುತ್ತದೆ ಅಂತ ಇವನಿಗೆ ಮೊದಲೇ ಗೊತ್ತು.

*

ಕೆಳಗೆ ಮರ್ಲ್ ಒಬ್ಬನೇ ಶಂಟಿಂಗ್ ಆಡುತ್ತಿದ್ದ.

ಗೋಡೆಯುದ್ದಕ್ಕೂ ಮೊಣಕೈ ಅಗಲದ ಹಲಗೆ, ಅದರ ಮೇಲೆ ಕ್ಲಬ್ಬಿನವರು ಕಟ್ಟಿದ ಪುಟ್ಟ ಊರು. ಕಲ್ಲಿದ್ದಲ ಮಂಡಿ, ಗಾಜಿನ ಕಾರ್ಖಾನೆ, ಬಿಯರ್ ಭಟ್ಟಿ. ಒಂದೊಂದಕ್ಕೂ ಒಂದೊಂದು ಕವಲು ಹಳಿ. ಇಲ್ಲಿ ರೈಲು ಯಾವ ಊರಿಗೂ ಹೋಗುವುದಿಲ್ಲ. ಒಂದು ಎಂಜಿನ್ ಹಿಂದಕ್ಕೂ ಮುಂದಕ್ಕೂ ಓಡಾಡಿ, ಕಲಸಿಹೋದ ಡಬ್ಬಿಗಳನ್ನು ಬಿಡಿಸಿ, ಯಾವುದು ಎಲ್ಲಿರಬೇಕೋ ಅಲ್ಲಿ ನಿಲ್ಲಿಸಬೇಕು. ಅಷ್ಟೇ ಆಟ. ಇದಕ್ಕೆ ಜಡೆ ಬಿಡಿಸುವಷ್ಟು ತಾಳ್ಮೆ ಬೇಕು, ಮರ್ಲ್‌ಗೆ ಅದು ಧಾರಾಳವಾಗಿತ್ತು. ಕ್ಲಬ್ಬಿನ ಅಧ್ಯಕ್ಷ ಅವನು. ಕಪಾಟಿನ ಕೀಲಿ ಅವನ ಬೆಲ್ಟಿನಲ್ಲೇ ಜೋತಾಡುತ್ತಿತ್ತು.

"ತೋರಿಸಿದ್ಯಾ? ಏನಂದ?" ಎಂದ ಡಬ್ಬಿಯಿಂದ ಕಣ್ಣೆತ್ತದೆ.

"ಬೆಣ್ಣೆ ಸಿಡಿಯುತ್ತೆ ಅಂದ. ಮರ್ಲ್, ಈ ಮಸಿ ಹಚ್ಚಿದ್ದು ನೀನು. ಕ್ಲೆಮೆಂಟ್ ಬಿಟ್ರೆ ಇಷ್ಟು ನಾಜೂಕು ಕೈ ನಿನಗೊಬ್ಬನಿಗೇ ಇರೋದು."

ಹಲಗೆಯ ಮೇಲಿದ್ದ ಎಂಜಿನ್ ಭಟ್ಟಿಯ ಕವಲಿನಲ್ಲಿ ಗಕ್ಕನೆ ನಿಂತಿತು.

"ಯಾವ ಮಸಿ?"

"ಬಾ ಮೇಲೆ."

"ಅರ್ಧ ಆಟದಲ್ಲಿ ಏಳಬಾರದು, ನಿಯಮ ಅಂದ್ರೆ..."

"ನಿನ್ನ ನಿಯಮಕ್ಕೆ ಬೆಂಕಿ ಬಿತ್ತು. ಬಾ ಅಂದ್ರೆ ಬಾ."

ಮೆಟ್ಟಿಲ ತಿರುವಿನಲ್ಲಿ ಅವಳು ಎಂಜಿನ್ನನ್ನು ಅವನ ಕೈಗಿಟ್ಟಳು. ಮರ್ಲ್ ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಅವನ ಮುಖದಲ್ಲಿ ಮೊದಲು ಗಾಬರಿ ಬಂತು. ಅದರ ಹಿಂದೆಯೇ, ತಡೆದರೂ ನಿಲ್ಲದೆ, ಒಂದು ಹೆಮ್ಮೆ.

"ಹೌದು, ನಂದೇ," ಎಂದ. "ಅಯ್ಯೋ ದೇವರೇ, ಇಷ್ಟು ನೇರಳೇನಾ ಇದು? ನಾನು ಇದನ್ನ ಹಗಲಲ್ಲಿ ನೋಡೇ ಇರಲಿಲ್ಲ ಕಣೇ."

"ಹೆಂಗೆ ನೋಡ್ದೆ ಇರ್ತೀಯೋ?"

"ನಾನು ಹೊಸ ಎಂಜಿನ್ನಿಗೆ ಮಸಿ, ಕಲೆ ಹಚ್ಚಿ ಹಳತು ಮಾಡೋದು ಕೆಳಗೇ, ಕ್ಲಬ್ಬಿನ ದೀಪದಡೀಲೇ. ಎಲ್ಲಿ ಓಡುತ್ತೋ ಆ ಬೆಳಕಲ್ಲೇ ಬಣ್ಣ ಹಾಕಬೇಕು. ಅದು ನಮ್ಮಲ್ಲಿ ಮೊದಲನೇ ಪಾಠ. ಎಲ್ಲರೂ ಹಂಗೇ ಮಾಡ್ತಾರೆ. ಕ್ಲೆಮೆಂಟ್ ಒಬ್ಬ ಬಿಟ್ಟು."

"ಅವನು ಮನೆ ಜಗಲಿ ಮೇಲೆ ಕೂತು ಮಾಡ್ತಿದ್ದ."

"ಬಿಸಿಲಲ್ಲಿ. ಎಂಜಿನ್ ಬಿಸಿಲಲ್ಲೇ ತಾನೇ ಮುದಿಯಾಗೋದು ಅಂತಿದ್ದ, ಮೊಂಡ. ಬಣ್ಣಾನೂ ಹಾಕ್ತಿರಲಿಲ್ಲ. ಮನೆ ಚಿಮಣಿ ಕೆರೆದು ನಿಜವಾದ ಮಸೀನೇ ಪುಡಿ ಮಾಡಿ ಹಚ್ಚೋನು. ಮೊದಲು ನನಗೆ ಈ ಗುಟ್ಟು ಹೇಳ್ಲಿಲ್ಲ. ನಾನು ಹದಿನೇಳನ್ನ ಪಕ್ಕದಲ್ಲಿಟ್ಕೊಂಡು ಕಪ್ಪು, ಕೆಂಪು, ನೀಲಿ ಕಲಸಿ ಕಲಸಿ ಅದರ ತದ್ರೂಪು ಮಾಡಿದೆ. ಆ ದೀಪದಡಿ ಎರಡನ್ನೂ ಅಕ್ಕಪಕ್ಕ ಇಟ್ರೆ ಅವನಿಗೇ ಗೊತ್ತಾಗ್ಲಿಲ್ಲ. ಹೆಂಗೆ ನಕ್ಕಿದ್ದ ಆವತ್ತು! ಆಮೇಲೆ ಗುಟ್ಟು ಬಿಟ್ಟುಕೊಟ್ಟ."

ಮರ್ಲ್ ಎಂಜಿನ್ನನ್ನು ತಿರುಗಿಸಿ ಗಾಲಿ ನೋಡಿದ, ಗಾಲಿಗಳನ್ನು ಜೋಡಿಸುವ ಕಂಬಿಯ ಜಿಡ್ಡು ನೋಡಿದ. ತಾನೇ ಹೊಲಿದ ಅಂಗಿಯನ್ನು ಬೇರೆಯವರ ಮೈಮೇಲೆ ಕಂಡ ದರ್ಜಿಯ ಹಾಗೆ.

"ಸುಣ್ಣದ ಗೆರೆ ಚೆನ್ನಾಗಿ ಬಂದಿದೆ ಅಲ್ವಾ?"

"ಚೆನ್ನಾಗಿದೆ. ಮರ್ಲ್, ಈ ತದ್ರೂಪು ಎಲ್ಲಿತ್ತು ಇಷ್ಟು ದಿನ?"

"ಕ್ಲೆಮೆಂಟ್ ಕೇಳಿ ಇಸ್ಕೊಂಡ. ಹದಿನೇಳು ಕ್ಲಬ್ಬಿನ ಹಳಿ ಮೇಲಿರಲಿ, ಮನೇಲಿ ಇದು ಸಾಕು ಅಂತ. ಅವನ ಪಡಸಾಲೇಲಿ ಗಾಜಿನ ಪೆಟ್ಟಿಗೆ ಇಲ್ವಾ, ಅದರಲ್ಲಿ..."

ಮೇಲೆ ಯಾರೋ ತಟ್ಟೆ ಬಡಿದು ಮೊದಲ ಪಂಕ್ತಿಯವರನ್ನು ಕರೆಯುತ್ತಿದ್ದರು.

"ಅದರಲ್ಲಿತ್ತು," ಎಂದು ರೋಸೆಲ್ಲಾ ಮುಗಿಸಿದಳು. "ಇಲೋನಾ ಮನೇಲಿ."

"ಇಲೋನಾ ಮನೇಲಿದ್ದದ್ದು ನೋರ್ಬರ್ಟ್ ಪೆಟ್ಟಿಗೇಗೆ ಹೆಂಗೆ ಬಂತು? ಹಂಗಾದ್ರೆ ಅಸಲಿ ಎಲ್ಲಿ?" ಮರ್ಲ್ ಬೆಲ್ಟಿನ ಕೀಲಿಯನ್ನು ಮುಟ್ಟಿಕೊಂಡ. "ರೋಸೆಲ್ಲಾ, ನಾನು ಅಧ್ಯಕ್ಷ. ಇದನ್ನ ಎಲ್ಲರಿಗೂ ಹೇಳಲೇಬೇಕು."

"ಹೇಳುವೆಯಂತೆ. ನಾನೊಂದು ಲೋಟ ಕಾಫಿ ಕುಡಿದು ಬರೋ ತನಕ ಬಾಯಿಗೆ ಪಿರೋಗಿ ತುಂಬ್ಕೊಂಡು ಕೂತಿರು."

ಎಂಜಿನ್ನನ್ನು ಕೈಚೌಕದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅವಳು ಹೊರಬಿದ್ದಳು.

*

ಇಲೋನಾಳ ಮನೆ ಚರ್ಚಿನ ಮೇಲಿನ ದಿಬ್ಬದಲ್ಲಿ. ರೋಸೆಲ್ಲಾ ಏದುಸಿರು ಬಿಡುತ್ತ ಹತ್ತಿದಳು. ಕೆಳಗೆ ನದಿ, ಅದರಾಚೆ ಬೆಂಕಿ ಆರಿದ ಕಾರ್ಖಾನೆಯ ಕೊಳವೆಗಳು, ಅಂಗಳಗಳಲ್ಲಿ ಆಗತಾನೇ ಮೂತಿ ತೋರಿಸುತ್ತಿದ್ದ ಹಳದಿ ಹೂಗಳು. ದಿನ ಎಷ್ಟು ಚೆನ್ನಾಗಿತ್ತೆಂದರೆ, ಇಂಥ ದಿನ ಗೆಳತಿಯ ಮೇಲೆ ಅನುಮಾನಪಡುವುದೇ ಪಾಪ ಅನ್ನಿಸಿತು ಅವಳಿಗೆ.

"ಬಾರೇ, ಸರಿಯಾದ ಹೊತ್ತಿಗೆ ಬಂದೆ," ಎಂದಳು ಇಲೋನಾ. ಒಲೆಯಿಂದ ಆಗತಾನೇ ಇಳಿದ ಅಕ್ರೋಟಿನ ಸುರುಳಿ ರೊಟ್ಟಿ ಹಲಗೆಯ ಮೇಲೆ ಹಬೆಯಾಡುತ್ತಿತ್ತು. "ಒಂದು ಕಡೆ ಸೀಳಿದೆ, ನೋಡಬೇಡ. ರುಚಿಗೇನೂ ಮೋಸ ಇಲ್ಲ."

"ನಿನ್ನ ಸುರುಳಿ ಯಾವತ್ತು ಸೀಳಿಲ್ಲ ಹೇಳು."

"ನಿನ್ನ ಬಾಯಿಗೆ ಸಿಹಿ ಹಾಕಿದ್ರೂ ಬರೋದು ಖಾರಾನೇ. ಕೂತ್ಕೋ."

ರೋಸೆಲ್ಲಾ ಕೂರಲಿಲ್ಲ. ಪಡಸಾಲೆಯ ಮೂಲೆಯ ಗಾಜಿನ ಪೆಟ್ಟಿಗೆಯತ್ತ ಹೋದಳು. ಅದು ಖಾಲಿ ಇರುತ್ತದೆ ಎಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಯಾರೋ ಒಡೆದು ಕದ್ದಿರುತ್ತಾರೆ, ಇಲೋನಾ ಗಮನಿಸಿರುವುದಿಲ್ಲ, ಪಾಪ.

ಪೆಟ್ಟಿಗೆಯಲ್ಲಿ ಎಂಜಿನ್ ಇತ್ತು. ಹದಿನೇಳನೇ ನಂಬರು.

ಅವಳು ಮುಚ್ಚಳ ಎತ್ತಿ, ಅದನ್ನು ತೆಗೆದು, ಊಟದ ಮೇಜಿನ ಮೇಲೆ ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟಳು. ಚೀಲದಿಂದ ಇನ್ನೊಂದನ್ನು ತೆಗೆದು ಪಕ್ಕದಲ್ಲಿ ನಿಲ್ಲಿಸಿದಳು. ಒಂದು ಬದನೆಕಾಯಿ ಬಣ್ಣ. ಇನ್ನೊಂದರ ಬೆನ್ನ ಮೇಲೆ ಕಂದು ಮಸಿ, ಬೂದಿ ಉದುರಿದ ಹಾಗೆ ಮೃದುವಾಗಿ ಕೂತಿತ್ತು. ಇಂಥ ಬಿಸಿಲಿನಲ್ಲೇ ಅದು ಮುದಿಯಾದದ್ದು.

ಇಲೋನಾ ಕಾಫಿ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. ಎರಡೂ ಲೋಟ ತುಂಬಿಸಿ, ಪಾತ್ರೆ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು ಕೂತಳು.

"ಕಂಡುಹಿಡಿದುಬಿಟ್ಟೆ," ಎಂದಳು.

"ನನ್ನ ಕೈ ಹಿಡಿದು ಅತ್ತಿದ್ಯಲ್ಲೇ ಇಲೋನಾ. ನೋರ್ಬರ್ಟ್‌ನ ಉಳಿಸು ಅಂತ."

"ಆ ಕಣ್ಣೀರು ಸುಳ್ಳಲ್ಲ."

"ಕದ್ದ ಮಾಲು ಮನೇಲಿಟ್ಕೊಂಡು ಅಳೋದಕ್ಕೆ ನಿಜವಾದ ಕಣ್ಣೀರು ಎಲ್ಲಿ ಸಿಗುತ್ತೆ?"

"ಬೈ. ಬೈಯಿಸ್ಕೊಂಡ್ರೆ ನನಗೂ ಹಗುರ. ಮೊದಲು ಅದನ್ನ ತಿರುಗಿಸಿ ನೋಡು. ಕಲ್ಲಿದ್ದಲ ಡಬ್ಬಿಯ ಕೆಳಗಡೆ."

ರೋಸೆಲ್ಲಾ ಅಸಲಿ ಎಂಜಿನ್ನನ್ನು ಎತ್ತಿ, ಅದರ ಹಿಂದಿನ ಡಬ್ಬಿಯ ತಳ ನೋಡಿದಳು. ಮಸಿ ಒಣಗುವ ಮೊದಲೇ ಯಾರೋ ಹಿಡಿದೆತ್ತಿದ ಗುರುತು. ಹೆಬ್ಬೆರಳು. ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟ.

"ಅವನು ಸತ್ತ ಮೇಲೆ ಅಂಗಿಗಳನ್ನೆಲ್ಲಾ ಚರ್ಚಿಗೆ ಕೊಟ್ಟೆ," ಎಂದಳು ಇಲೋನಾ. "ಕುರ್ಚಿ ಕೊಟ್ಟೆ. ಫೋಟೋದಲ್ಲಿ ಅವನು ಸರಿಯಾಗಿ ಬರ್ತಾನೇ ಇರಲಿಲ್ಲ, ಯಾವಾಗ್ಲೂ ಕಣ್ಣು ಮುಚ್ಚಿರ್ತಿದ್ದ. ಅವನ ಕೈ ನೆನಪಾಗ್ತಿತ್ತು ಕಣೇ ನನಗೆ. ಒಂದಿನ ಮಾತಿಗೆ ಅಂದೆ, ಆ ಎಂಜಿನ್ ತಳದಲ್ಲಿ ಅವನ ಬೆರಳಿದೆ, ಅದು ಮನೇಲಿದ್ದಿದ್ರೆ ಅಂತ. ಅಷ್ಟೇ ಅಂದದ್ದು. ನೋರ್ಬರ್ಟ್ ನಮ್ಮ ಹಿತ್ತಿಲ ಬಾಗಿಲ ಕೀಲು ಸರಿ ಮಾಡ್ತಾ ಕೂತಿದ್ದ."

ರೋಸೆಲ್ಲಾ ಕುರ್ಚಿ ಎಳೆದುಕೊಂಡು ಕೂತಳು.

"ನೋರ್ಬರ್ಟ್ ತಂದುಕೊಟ್ನಾ?"

"ಅವನೇ. ಮರ್ಲ್ ಕಪಾಟಿಗೆ ಬೀಗ ಹಾಕೋಕೆ ಮುಂಚೆ ತೆಗೆದು, ಒಂದು ಸಂಜೆ ಬಂದು, ಗಾಜಿನ ಪೆಟ್ಟಿಗೇಲಿ ಇದನ್ನಿಟ್ಟು, ಮರ್ಲ್ ಮಾಡಿದ್ದನ್ನ ಎತ್ಕೊಂಡ. ಕ್ಲಬ್ಬಿನ ದೀಪದಲ್ಲಿ ಎರಡೂ ಒಂದೇ, ಇದನ್ನ ಅಲ್ಲಿ ಇಟ್ಟುಬಿಡ್ತೀನಿ, ಯಾರಿಗೂ ನಷ್ಟ ಇಲ್ಲ ಅಂದ. ಆದ್ರೆ ಅಷ್ಟರಲ್ಲಿ ಕಪಾಟು ಖಾಲಿ ಅಂತ ಗುಲ್ಲೆದ್ದಿತ್ತು. ಅವನು ವಾಪಸ್ ಇಡೋದಕ್ಕೆ ಮುಂಚೇನೇ ಎಲ್ಲರ ಪೆಟ್ಟಿಗೆ ತೆಗೆಸಿದ್ರು."

"ಆಗಲೇ ನೀನು ಬಾಯಿ ಬಿಡಬೇಕಿತ್ತು."

"ಬಿಡಬೇಕಿತ್ತು. ಬಿಡಬೇಡ ಅಂತ ಅವನು ಆಣೆ ಹಾಕಿಸಿದ. ಹೇಳಿದ್ರೆ ಎಂಜಿನ್ ವಾಪಸ್ ತಗೊಂಡು ಹೋಗ್ತಾರೆ, ಹದಿನೇಳು ಕ್ಲಬ್ಬಿಗೆ ಅಂತ ಕ್ಲೆಮೆಂಟೇ ಎಲ್ಲರ ಮುಂದೆ ಹೇಳಿ ಸತ್ತಿದಾನೆ ಅಂದ. ನಾನು..." ಇಲೋನಾ ರೊಟ್ಟಿಯ ಸೀಳನ್ನು ಬೆರಳಿನಿಂದ ಮುಚ್ಚಲು ನೋಡಿದಳು. "ನಾನು ಆಣೆಗೆ ಕಟ್ಟುಬಿದ್ದು ಸುಮ್ಮನಾಗಲಿಲ್ಲ ಕಣೇ. ಅದು ನನಗೆ ಬೇಕಿತ್ತು. ದಿನಾ ಬೆಳಗ್ಗೆ ಕಾಫಿ ಆದ್ಮೇಲೆ ಆ ಗುರುತಿನ ಮೇಲೆ ನನ್ನ ಬೆರಳಿಡ್ತೀನಿ. ಆಮೇಲೆ ದಿನ ಸಲೀಸು."

ರೋಸೆಲ್ಲಾ ಎರಡೂ ಎಂಜಿನ್ನುಗಳನ್ನು ಮತ್ತೆ ಮತ್ತೆ ನೋಡಿದಳು. ಹೋಗಿ ಹೋಗಿ ಎಂಥ ಕಡೆ ಬಂದು ನಿಂತಿತು ತನ್ನ ಪತ್ತೇದಾರಿಕೆ. ನೋರ್ಬರ್ಟ್‌ನನ್ನು ಉಳಿಸಬೇಕೆಂದು ಸಾಕ್ಷಿ ಹುಡುಕಿದಳು. ಸಿಕ್ಕ ಸಾಕ್ಷಿ ಎಂಜಿನ್ ತೆಗೆದವನು ಅವನೇ ಎನ್ನುತ್ತಿದೆ. ಬಾಯಿ ಮುಚ್ಚಿಕೊಂಡರೂ ನಾಳೆ ಅವನು ಹೊರಗೆ, ಬಾಯಿ ಬಿಟ್ಟರೂ ಹೊರಗೆ. ಬಿಟ್ಟರೆ ಜೊತೆಗೆ ಇಲೋನಾಳ ಬೆಳಗೂ ಹೋಗುತ್ತದೆ.

"ರೊಟ್ಟಿ ತಿನ್ನು," ಎಂದಳು ಇಲೋನಾ. "ಆರಿದ್ರೆ ಚೆನ್ನಾಗಿರಲ್ಲ."

ರೋಸೆಲ್ಲಾ ತಿಂದಳು. ಹೊಟ್ಟೆಗೆ ಇದರ ಪಂಚಾಯಿತಿ ಗೊತ್ತಿರಲಿಲ್ಲ. ಸುರುಳಿ ಬಾಯಲ್ಲಿಟ್ಟರೆ ಕರಗುತ್ತಿತ್ತು.

ಜಗಲಿಯ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ತಟ್ಟಿ, ಉತ್ತರಕ್ಕೂ ಕಾಯದೆ, ಟೊಪ್ಪಿ ಕೈಯಲ್ಲಿ ಹಿಡಿದು ಮರ್ಲ್ ಒಳಗೆ ಬಂದ. ದಿಬ್ಬ ಹತ್ತಿ ಮುಖ ಕೆಂಪಾಗಿತ್ತು.

"ನೀನು ಕಾಫಿ ಕುಡಿಯೋಕೆ ಇಷ್ಟು ಹೊತ್ತು ತಗೋತೀಯ ಅಂತ..." ಎಂದವನ ಕಣ್ಣು ಮೇಜಿನ ಮೇಲೆ ಬಿತ್ತು.

ಎರಡು ಎಂಜಿನ್ನುಗಳು ಬಿಸಿಲಿನಲ್ಲಿ ಜೊತೆಯಾಗಿ ನಿಂತಿದ್ದವು. ಮುಚ್ಚಿಡಲು ಹೊತ್ತಿರಲಿಲ್ಲ. ಇದ್ದಿದ್ದರೂ ಇಲೋನಾ ಮುಚ್ಚಿಡುವವಳಲ್ಲ. ಎದ್ದು ಮೂರನೇ ಲೋಟ ತಂದಿಟ್ಟಳು.

ಮರ್ಲ್ ಕಂದು ಮಸಿಯದನ್ನು ಎತ್ತಿಕೊಂಡ. ಕನ್ನಡಕ ಹಣೆಗೇರಿತು. ಬಾಯ್ಲರ್ ನೋಡಿದ, ಸೀಟಿ ನೋಡಿದ, ತಲೆಕೆಳಗು ಮಾಡಿ ತಳ ನೋಡಿದ. ಅಲ್ಲಿ ಅವನ ಕಣ್ಣು ಬಹಳ ಹೊತ್ತು ನಿಂತಿತು. ಇಲೋನಾಳ ಕೈ ತನಗೆ ಗೊತ್ತಿಲ್ಲದೆಯೇ ಮೇಜಿನ ಅಂಚಿನತ್ತ ಸರಿದದ್ದನ್ನೂ ಅವನು ನೋಡಿದ.

"ಹಿತ್ತಿಲ ಬಾಗಿಲು ಈಗ ಕಿರುಗುಟ್ಟಲ್ಲ ಅಲ್ವಾ ಇಲೋನಾ?" ಎಂದ.

"ಇಲ್ಲ. ನೋರ್ಬರ್ಟ್ ಸರಿ ಮಾಡಿಕೊಟ್ಟ."

"ಹೂಂ." ಮರ್ಲ್ ಎಂಜಿನ್ನನ್ನು ಮೆಲ್ಲಗೆ ಇಲೋನಾಳ ಮುಂದಕ್ಕೆ ಸರಿಸಿಟ್ಟ. "ಎರಡೂ ನನ್ನವೇ."

"ಏನಂದೆ?" ಎಂದಳು ರೋಸೆಲ್ಲಾ.

"ತದ್ರೂಪು ಎರಡು ಮಾಡಿದ್ದೆ. ಒಂದರ ಬಣ್ಣ ಕೆಟ್ಟಿತು, ಇನ್ನೊಂದು ಚೆನ್ನಾಗಿ ಬಂತು. ಎರಡನ್ನೂ ಈ ಮನೆಗೇ ಕೊಟ್ಟಿದ್ದೆ. ಒಂದರ ಗಾಲಿ ಸಿಕ್ಕಿಕೊಳ್ತಿತ್ತು, ಸರಿ ಮಾಡಿಕೊಡು ಅಂತ ಇಲೋನಾ ನೋರ್ಬರ್ಟ್ ಕೈಗೆ ಕೊಟ್ಟಳು. ಅವನ ಪೆಟ್ಟಿಗೇಲಿ ಸಿಕ್ಕಿದ್ದು ಅದು. ಕ್ಲಬ್ಬಿನ ಸ್ವತ್ತೇ ಅಲ್ಲ. ನಾಳೆ ಕೈ ಎತ್ತೋ ಪ್ರಶ್ನೇನೇ ಇಲ್ಲ."

"ಮರ್ಲ್, ನನ್ನ ಕಣ್ಣಿಗೆ ಮಣ್ಣೆರಚಬೇಡ."

"ನಿನ್ನ ಕಣ್ಣು ನಾಳೆ ಮನೇಲಿ ಬಿಟ್ಟು ಬಾ."

"ಸರಿ. ಹಂಗಾದ್ರೆ ಅಸಲಿ ಎಲ್ಲಿ ಅಂತ ಕೇಳ್ತಾರಲ್ಲ, ಏನು ಹೇಳ್ತೀಯ?"

ಮರ್ಲ್ ಬೆಲ್ಟಿನಿಂದ ಕಪಾಟಿನ ಕೀಲಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಕೀಲಿ ಯಾರ ಹತ್ರ ಇತ್ತು ಅಂತಲೂ ಕೇಳ್ತಾರೆ. ಅದಕ್ಕೆ ನಿಜಾನೇ ಹೇಳ್ತೀನಿ, ನನ್ನ ಹತ್ರಾನೇ ಇತ್ತು, ಅಸಲಿ ಕಳೆದದ್ದು ನನ್ನ ತಪ್ಪು ಅಂತ. ಅಧ್ಯಕ್ಷಗಿರಿ ಸಾಕಾಗಿದೆ ನನಗೂ. ಮನೇಲೂ ಒಂದು ಹಲಗೆ ಇದೆ, ಶಂಟಿಂಗ್ ಅಲ್ಲೇ ಆಡಿಕೊಂಡಿರ್ತೀನಿ."

"ಬೇಡ ಮರ್ಲ್," ಎಂದಳು ಇಲೋನಾ. "ನನ್ನ ಒಂದು ಬೆಳಗಿಗೆ ಇನ್ನೆಷ್ಟು ಜನ ಬೀದಿಗೆ ಬೀಳಬೇಕು? ತಗೊಂಡು ಹೋಗು ಇದನ್ನ."

ಆಗ ಹಿತ್ತಿಲ ಬಾಗಿಲು ಸದ್ದಿಲ್ಲದೆ ತೆರೆಯಿತು. ಹೂವಿನ ಏಪ್ರನ್ನು ಬಿಚ್ಚುವುದನ್ನೂ ಮರೆತ ನೋರ್ಬರ್ಟ್ ಪಿರೋಗಿ ತುಂಬಿದ ತಟ್ಟೆ ಹಿಡಿದು ನಿಂತಿದ್ದ. ಮೇಜು ನೋಡಿದ, ಕೀಲಿ ನೋಡಿದ, ಮೂವರ ಮುಖ ನೋಡಿದ.

"ಕೀಲಿ ಎತ್ಕೋ ಮರ್ಲ್," ಎಂದ. "ಅದರ ಕೆಲಸ ಮುಗೀತು. ರೋಸೆಲ್ಲಾ ಎಂಜಿನ್ನನ್ನ ಕಿಟಕಿ ಹತ್ರ ಇಟ್ಟಾಗಲೇ ನನಗೆ ಗೊತ್ತಾಯ್ತು, ಅವಳು ಸೀದಾ ಇಲ್ಲಿಗೇ ಬರ್ತಾಳೆ ಅಂತ. ಯಾರೂ ಈ ಮನೇಲಿ ಹುಡುಕಬಾರದು ಅಂತ ನಾನೊಂದು ಕೆಲಸ ಮಾಡಿಬಂದೆ."

"ಏನು ಮಾಡಿದೆಯೋ?" ಎಂದಳು ರೋಸೆಲ್ಲಾ.

ನೋರ್ಬರ್ಟ್ ತಟ್ಟೆಯನ್ನು ಒಲೆಯ ಮೇಲಿಟ್ಟ. ಬೆಣ್ಣೆ ಅಂಚಿಗೆ ಹರಿದದ್ದನ್ನು ಬೆರಳಿನಿಂದ ಒರೆಸಿದ.

"ಪಿರೋಗಿಗೆ ಸಾಲು ನಿಂತೋರ ಮುಂದೆ ನಿಂತು ಹೇಳಿಬಿಟ್ಟೆ. ಕದ್ದೋನು ನಾನೇ, ಪೆಟ್ಟಿಗೇಲಿ ಸಿಕ್ಕಿದ್ದು ನಕಲು, ಅಸಲಿನ ನದಿಗೆ ಎಸೆದೆ ಅಂತ. ನಗ್ತಾರೆ, ಬೈತಾರೆ, ಅಲ್ಲಿಗೆ ಮುಗಿಯುತ್ತೆ ಅಂದ್ಕೊಂಡಿದ್ದೆ." ಅವನು ಕಿಟಕಿಯಾಚೆ, ಕೆಳಗೆ ನೋಡಿದ. ನದೀದಂಡೆಯ ಉದ್ದಕ್ಕೂ ಜನ ಎಂಜಿನ್ ಹುಡುಕಲು ಇಳಿಯುತ್ತಿದ್ದರು, ತಟ್ಟೆ ಹಿಡಿದವರು, ಹಿಟ್ಟಿನ ಕೈಯವರು, ಉದ್ದ ಕೊಕ್ಕೆ ಹೊತ್ತವರು. "ಪಾದ್ರಿಗಳು ಪೊಲೀಸರಿಗೆ ಫೋನ್ ಮಾಡಿದ್ರು. ನಾನು ದಿಬ್ಬ ಹತ್ತಿದ್ದನ್ನ ಎಲ್ಲರೂ ನೋಡಿದಾರೆ, ಎಸೆದ ಜಾಗ ತೋರಿಸು ಅಂತ ಪೊಲೀಸರು ನನ್ನ ಹುಡುಕ್ಕೊಂಡು ಇಲ್ಲಿಗೇ ಬರ್ತಿದಾರೆ."